ನೀರು ಚೆಲ್ಲುವ ಅಕ್ಕನ ಊರಿಗೆ

ನಾನು ನಮ್ಮೂರ ಪಂಚಾಯತಿಯ ವಾಟರ್‌ಮನ್. ಊರಿಗೆಲ್ಲ ನೀರು ಬಿಡುವ ನಾನು ನನ್ನ ಸ್ವಂತ ಅಕ್ಕನಿಗೆ ಒಂದು ತಂಬಿಗೆ ನೀರು ಕೊಡಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಗೋವಾದ ಮಳೆ, ಸಮುದ್ರ ಎಲ್ಲ ಬರೆದು ಕಡೆಗೆ ಇದನ್ನು ಬರೆಯೋಣವೆಂದರೆ, ಅಷ್ಟರಲ್ಲಿ ನಾನು ಏನಾದರೊಂದು ನೆಪ ಹೇಳಿ ಪೆನ್ನು ಮುಚ್ಚಿಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು.

ಅದು ಕೊರೊನಾದ ಮೊದಲ ಬೇಸಿಗೆ. ಬಸ್ಸು, ರೈಲು ಎಲ್ಲ ನಿಂತಿದ್ದವು. ಹೊರಗಿನವರು ರೋಗ ತರುತ್ತಾರೆಂದು ನಮ್ಮೂರ ಹಿರಿಯರು ಊರ ಹೊರಗೆ ರಸ್ತೆಗೆ ಅಡ್ಡವಾಗಿ ಜಾಲಿಯ ಮುಳ್ಳುಕಂಟಿ ಕಡಿದು ಹಾಕಿಸಿದರು. ಕಾವಲಿಗೆ ನನ್ನನ್ನು ನಿಲ್ಲಿಸಿದರು. ಬೇಡ ಎನ್ನಲು ಬಾಯಿ ಬರದವನು ಊರಿನಲ್ಲಿ ನಾನೊಬ್ಬನೇ ಇದ್ದೆ ಎಂದು ಕಾಣುತ್ತದೆ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ ನನ್ನ ಬಳಿ ಸದಾ ಇರುತ್ತದೆ. ಕೋಲಿನ ಬದಲು ಅದನ್ನೇ ಊರಿಕೊಂಡು ನಿಂತಿದ್ದೆ.

ಒಂದು ಮಧ್ಯಾಹ್ನ ನನ್ನ ಅಕ್ಕ ಕಸ್ತೂರಿ, ಅವಳ ಗಂಡ ಯಲ್ಲಪ್ಪ ಮಾವ ಕಂಟಿಯ ಆಚೆ ಬಂದು ನಿಂತರು. ಗೋವಾದ ಫೋಂಡಾದಲ್ಲಿ ಕಟ್ಟಡ ಕೆಲಸಕ್ಕಿದ್ದವರು. ಕೆಲಸ ನಿಂತಿತ್ತು. ಸಿಕ್ಕ ಲಾರಿ ಹತ್ತಿ, ಉಳಿದ ದಾರಿ ನಡೆದು ಬಂದಿದ್ದರು. ಅಕ್ಕನ ತುಟಿ ಒಡೆದಿತ್ತು. "ಯಪ್ಪಾ, ಒಂದ್ ತಂಬಿಗಿ ನೀರರ ಕೊಡ್ರಿ" ಎಂದಳು. ನನ್ನ ಹಿಂದೆ ಬೇವಿನ ಗಿಡದ ಬುಡದಲ್ಲಿ ಹಿರಿಯರು ಕುಳಿತಿದ್ದರು. ನಾನು ಮುಖಕ್ಕೆ ಕಣ್ಣಷ್ಟೇ ಕಾಣುವಂತೆ ಟವೆಲ್ ಸುತ್ತಿಕೊಂಡಿದ್ದೆ. ಮಾತಾಡಿದರೆ ದನಿ ಗುರುತು ಸಿಗುತ್ತದೆಂದು ಬಾಯಿ ಬಿಡದೆ, ಕೈ ಮಾಡಿ ಹೋಗಿರಿ ಎಂದೆ. ಅವಳು ತುಸು ಹೊತ್ತು ನಿಂತಳು. ಹೋದಳು.

ನನ್ನನ್ನು ಗುರುತಿಸಲಿಲ್ಲ ಎಂದುಕೊಂಡು ಅಂದಿನಿಂದ ಬದುಕಿದ್ದೇನೆ. ಫೋನಿನಲ್ಲಿ ಮಾತು ನಿಂತಿಲ್ಲ. ಮಳಿ ಆತೇನು, ಎಮ್ಮಿ ಕರಾ ಹಾಕ್ತೇನು ಎಂದು ಕೇಳುತ್ತಾಳೆ. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ಅವಳು ಆಮೇಲೆ ತವರಿಗೆ ಬಂದೇ ಇಲ್ಲ. ನಮ್ಮ ಕಡೆ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಖುದ್ದು ಹೋಗಿ ಕರೆಯದೆ ಹೆಣ್ಣುಮಗಳು ತವರಿಗೆ ಕಾಲಿಡುವುದಿಲ್ಲ. ನಾನು ಹೋಗಲಿಲ್ಲ. ಒಂದು ವರ್ಷ ಮೋಟಾರು ಸುಟ್ಟಿತು, ಇನ್ನೊಂದು ವರ್ಷ ನೀರಿನ ಟಾಕಿ ತೊಳೆಯುವುದಿತ್ತು. ಈ ಸಲ ನನ್ನ ಹೆಂಡತಿ ಉಂಡಿಯ ಡಬ್ಬಿ ತಂದು ಮುಂದೆ ಕುಕ್ಕಿದಳು. "ಅಕ್ಕಾರನ್ನ ಕರಕೊಂಡು ಬರ್ರಿ. ಇಲ್ಲಂದ್ರ ಮುಂದಿನ ಪಂಚಮಿಗೆ ಉಂಡಿ ನೀವ ಕಟ್ಟರಿ."

ನನಗೆ ಉಂಡಿ ಕಟ್ಟಲು ಬರುವುದಿಲ್ಲ. ಹೊರಟೆ.

ಅನಮೋಡ ಘಾಟು

ನಮ್ಮೂರಿನ ಅರ್ಧ ಮಂದಿ ಗೋವಾದಲ್ಲಿ ದುಡಿದು ಬಂದವರು. ನನಗೆ ಮಾತ್ರ ಅದು ಪರದೇಶವೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟಾಗಿನಿಂದ ಆ ವಾಲ್ವುಗಳ ಸುತ್ತಲೇ ತಿರುಗಿದವನು, ಧಾರವಾಡದ ಆಚೆಗೆ ಹೋದವನಲ್ಲ.

ಬಸ್ಸು ಘಾಟಿಗೆ ಬಂದಾಗ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬಂದರೆ ಬಂತು ಎನ್ನುತ್ತೇವೆ. ಇಲ್ಲಿ ಅದು ಹೋಗುವುದೇ ಇಲ್ಲ. ಬಂಡೆಯಿಂದ ನೀರು, ಬೇರಿನಿಂದ ನೀರು, ರಸ್ತೆಯ ಎರಡೂ ಬದಿ ನೀರು ಓಡುತ್ತಿತ್ತು. ಒಂದು ಕೊಡ ಇಟ್ಟವರಿಲ್ಲ, ಒಂದು ಬಕೆಟ್ ಹಿಡಿದವರಿಲ್ಲ. ನಾನು ಕುಳಿತಲ್ಲೇ ಮಿಸುಕಾಡುತ್ತಿದ್ದೆ. ಪಕ್ಕದಲ್ಲಿದ್ದವನು ಬಾದಾಮಿ ಕಡೆಯವನು, ಗೋಡೆಗೆ ಗಿಲಾವು ಬಳಿಯುವ ಕೆಲಸದವನು.

"ಏನ್ರಿ, ಹೊಟ್ಟಿ ನೋಯಾಕತ್ತೈತೇನು?"

"ಇಲ್ರಿ. ನೀರು ಸುಮ್ನ ಹೊಂಟೈತಿ ನೋಡ್ರಿ."

"ಹೋಗ್ಲಿ ಬಿಡ್ರಿ ಮಾರಾಯ್ರ, ಇದೇನು ನಿಮ್ಮ ಪಂಚಾಯ್ತಿ ಅಲ್ಲ."

ಒಂದು ತಿರುವಿನಲ್ಲಿ ಡ್ರೈವರ್ ಬ್ರೇಕು ಹಾಕಿದ. ಮಡಿಲಲ್ಲಿದ್ದ ಡಬ್ಬಿ ಹಾರಿ ಮುಚ್ಚಳ ಬಿಚ್ಚಿತು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ಬಸ್ಸಿನ ತುಂಬ ಉರುಳಿದವು. ಇಡೀ ಬಸ್ಸು ಬಗ್ಗಿ ಉಂಡಿ ಹೆಕ್ಕಿತು. ಮುಂದಿನ ಸೀಟಿನ ಗೋವಾದ ಮುದುಕರೊಬ್ಬರು ಒಂದನ್ನು ಅಂಗಿಗೆ ಒರೆಸಿ ನನ್ನ ಕೈಗಿಟ್ಟರು. ತಿನ್ನಿರೆಂದು ಕೈಸನ್ನೆ ಮಾಡಿದೆ. ಬಾಯಿಗೆ ಹಾಕಿಕೊಂಡು "ದೇವ್ ಬರೆಂ ಕರುಂ" ಎಂದರು. ದೇವರು ಒಳ್ಳೇದು ಮಾಡಲಿ ಅಂತ ಎಂದು ಬಾದಾಮಿಯವನು ತಿಳಿಸಿದ. ತಿಳಿಸಿದ ಕೂಲಿಯೆಂದು ಅವನೂ ಒಂದು ತಿಂದ. ಕೆಳಗಿಳಿಯುವಷ್ಟರಲ್ಲಿ ಡಬ್ಬಿ ಅರ್ಧವಾಗಿತ್ತು, ಬಸ್ಸಿನವರೆಲ್ಲ ನನಗೆ ಬೀಗರಾಗಿದ್ದರು.

ಫೋಂಡಾ

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ನಿಂತಿದ್ದಳು. ಊರಲ್ಲಿದ್ದಾಗ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವಳನ್ನು ನೋಡಿದ ನೆನಪು ನನಗೆ. ಈಗ ನೋಡಿದರೆ ಕಾಲಿಗೆ ರಬ್ಬರ್ ಬೂಟು, ಹೆಗಲಿಗೆ ಚೀಲ, ಕೈಯಲ್ಲಿ ಉದ್ದ ಹಿಡಿಕೆಯ ಸೌಟು.

"ಊಟದ ಕಂತ್ರಾಟ ಹಿಡದಿಯೇನ ಅಕ್ಕಾ?"

"ಇದ್ರಾಗ ಸಾರ ಬಡಸಂಗಿಲ್ಲೋ, ಸೊಳ್ಳಿ ಮರಿ ಹಿಡಿತೀನಿ" ಎಂದಳು. ಆರಾಮೇನು ಎಂದು ಕೇಳುವ ಮೊದಲೇ ಅಂಗೈಯನ್ನು ನನ್ನ ಹಣೆಗೆ ಇಟ್ಟಳು. "ಜ್ವರ ಅದಾವೇನು? ತೆಲಿ ನೋವು? ಚಳಿ?"

ಈ ಮಳೆಗಾಲದಲ್ಲಿ ಫೋಂಡಾದ ಸುತ್ತ ಡೆಂಗ್ಯೂ ಎದ್ದಿತ್ತು. ಮಲೇರಿಯಾದ ಭಯವೂ ಇತ್ತು. ಅಕ್ಕ ಇರುವುದು ಕಟ್ಟುತ್ತಿರುವ ದೊಡ್ಡ ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳಲ್ಲಿ. ಎಲ್ಲ ನಮ್ಮ ಕಡೆಯವರೇ, ವಿಜಯಪುರ, ಬಾಗಲಕೋಟೆ, ಕೊಪ್ಪಳದವರು. ಮಾವ ಅಲ್ಲಿಯೇ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅಕ್ಕನನ್ನು ಮಳೆಗಾಲದ ಮಟ್ಟಿಗೆ ಆರೋಗ್ಯ ಕೇಂದ್ರದವರು ಕೆಲಸಕ್ಕೆ ಕರೆದುಕೊಳ್ಳುತ್ತಾರೆ.

ಶೆಡ್ಡಿನ ಬಾಗಿಲಲ್ಲೇ ಒಬ್ಬ ನರ್ಸ್ ಬಾಯಿ ಸ್ಟೂಲ್ ಹಾಕಿಕೊಂಡು ಕುಳಿತಿದ್ದರು. ಲೂರ್ಡಿನ್ ಸಿಸ್ಟರ್, ಗೋವಾದವರು. ಅವರು ಕನ್ನಡ ಕಲಿತದ್ದು ಈ ಶೆಡ್ಡುಗಳ ಗಂಡಸರಿಂದ. ಆ ಗಂಡಸರು ಒಬ್ಬರಿಗೊಬ್ಬರು ಮಾತಾಡುವ ಕನ್ನಡವೇ ಅವರ ಪಾಲಿಗೆ ಮರ್ಯಾದೆಯ ಕನ್ನಡ. ಬಂಗಾರದಂಥ ನಗೆ ನಕ್ಕು ನನಗೆ, "ಬಾರಲೇ ಮಗನ, ಕುಂಡ್ರು" ಎಂದರು. ನಾನು ಬೆಚ್ಚಿ ಅಕ್ಕನ ಮುಖ ನೋಡಿದೆ.

"ಸಿಟ್ಟಾಗಬ್ಯಾಡ. ಮೊನ್ನೆ ದೊಡ್ಡ ಡಾಕ್ಟರಿಗೂ ಹಂಗ ಅಂದಾರ" ಎಂದಳು ಅಕ್ಕ.

ಸಿಸ್ಟರ್ ನನ್ನ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಒರೆಸಿದರು. ಹೊರಗಿನಿಂದ ಯಾರೇ ಬರಲಿ, ಕೆಲಸಕ್ಕೆ ಬರಲಿ ನೆಂಟರಾಗಿ ಬರಲಿ, ಇಲ್ಲಿ ಮೊದಲು ರಕ್ತ. ನಮ್ಮೂರ ಕಂಟಿ ಕಣ್ಣ ಮುಂದೆ ಬಂತು.

"ರಿಪೋರ್ಟ್ ಬರೂತನಾ ನಾ ಎಲ್ಲಿರ್ಲಿ ಅಕ್ಕಾ?"

"ಎಲ್ಲಿರ್ತಿ? ಮನ್ಯಾಗ. ಕೈ ತೊಳಕೊ, ರೊಟ್ಟಿ ಬಿಸಿ ಅದಾವು."

ಅಷ್ಟೇ. ನಾನು ಒಳಗೆ ಹೋದೆ. ರೊಟ್ಟಿ ನಿಜಕ್ಕೂ ಬಿಸಿಯಾಗಿದ್ದವು.

ಊಟದ ಹೊತ್ತಿಗೆ ಮಾವ ಬಂದ. ಅಕ್ಕನ ಕೆಲಸ ಹೇಗೆ ಶುರುವಾಯಿತೆಂದು ಹೇಳಿದವನು ಅವನೇ. ನಿಂತಿದ್ದ ಬಸ್ಸು ಶುರುವಾದ ಮೇಲೆ ಅವರು ಮತ್ತೆ ಗೋವಾಕ್ಕೆ ಬಂದರಂತೆ. ಶೆಡ್ಡುಗಳಲ್ಲಿ ಜ್ವರ. ಡಾಕ್ಟರು ಕೇಳುವುದು ಹಿಂದಿಯಲ್ಲಿ, ಕೊಂಕಣಿಯಲ್ಲಿ. ನಮ್ಮ ಹೆಂಗಸರು ಹೆದರಿ ಜ್ವರವೇ ಇಲ್ಲ ಎನ್ನುವರು. ಜ್ವರ ಅಂದರೆ ಎತ್ತಿಕೊಂಡು ಹೋಗುತ್ತಾರೆ ಎಂಬ ಅಂಜಿಕೆ. ಅಕ್ಕನಿಗೂ ಜ್ವರ ಬಂದಿತ್ತು. ಸರಕಾರಿ ಆಸ್ಪತ್ರೆಗೆ ಹೋಗಿ ಗುಣವಾಗಿ ತಿರುಗಿ ಬಂದಳು. ಹೋದವಳು ಬದುಕಿ ಬಂದದ್ದನ್ನು ನೋಡಿ ಮಂದಿ ಅವಳ ಮುಂದೆ ಬಾಯಿ ಬಿಟ್ಟರು. ಯಾರಿಗೆ ಉಸಿರು ಕಟ್ಟುತ್ತಿದೆ, ಯಾವ ಮನೆಯಲ್ಲಿ ಮುದುಕಿಗೆ ಊಟ ಸೇರುತ್ತಿಲ್ಲ ಎಂದು ಅವಳು ಸಿಸ್ಟರಿಗೆ ಫೋನ್ ಮಾಡಿ ಹೇಳುವಳು.

"ಕೊರೊನಾ ಹೋತು, ನಿಮ್ಮಕ್ಕನ ಫೋನ್ ಮಾತ್ರ ನಿಲ್ಲಲಿಲ್ಲ" ಎಂದು ಮಾವ ನಕ್ಕ. "ಪ್ರತಿ ಶೆಡ್ಡಿಗೊಬ್ಬಾಕಿ ಹಿಂಗ ಅದಾಳ ಈಗ. ಜ್ವರ ಎಲ್ಲಿ ಅಂತ ಸಿಸ್ಟರ್ ಕೇಳಿದ್ರ ಸಾಕು, ಚಾ ಕುಡಿಯೂದ್ರಾಗ ಸುದ್ದಿ ಬರ್ತೈತಿ."

ಅಕ್ಕ ಊರಿನ ಕಂಟಿಯ ಮಾತು ಎತ್ತಲಿಲ್ಲ. ನಾನು ಪಂಚಮಿಯ ಮಾತು ಎತ್ತಲಿಲ್ಲ. ಎತ್ತಿದರೆ ಆ ಮಾತೂ ಜೊತೆಗೆ ಬರುತ್ತದೆ.

ಶೆಡ್ಡಿನಲ್ಲಿ ಮೊದಲ ಮುಂಜಾನೆ

ಮುಂಜಾನೆ ನನಗೆ ಎಚ್ಚರವಾದದ್ದು ನಲ್ಲಿಯ ಸಪ್ಪಳಕ್ಕೆ. ಬೇರೆಯವರಿಗೆ ಕೋಳಿ ಕೂಗಿದಂತೆ ನನಗೆ ಅದು. ಹೊರಗೆ ಬಂದು ನೋಡುತ್ತೇನೆ, ದಪ್ಪ ಧಾರೆ ಬೀಳುತ್ತಿದೆ, ಹಿಡಿಯುವವರಿಲ್ಲ. ಸಾಲಾಗಿ ಡ್ರಮ್ಮುಗಳೆಲ್ಲ ಬೋರಲು ಬಿದ್ದಿವೆ. ಬಕೆಟ್ಟುಗಳು ಬೋರಲು, ಬಣ್ಣದ ಡಬ್ಬಿಗಳು ಬೋರಲು. ನಮ್ಮ ಮಂದಿ ಗೋವಾಕ್ಕೆ ಬಂದು ಎಷ್ಟು ಸೋಮಾರಿಗಳಾದರಪ್ಪ ಎಂದು ಮರುಕವಾಯಿತು. ಅಕ್ಕ ಪಕ್ಕದ ಶೆಡ್ಡುಗಳ ಕಡೆ ಹೋಗಿದ್ದಳು. ಅವಳು ಬರುವುದರೊಳಗೆ ತಮ್ಮ ಬಂದದ್ದಕ್ಕೆ ಏನಾದರೂ ಗುರುತು ಇರಬೇಕಲ್ಲ?

ಧೋತರ ಎತ್ತಿ ಕಟ್ಟಿದೆ. ಎಲ್ಲ ಡ್ರಮ್ಮು ಎಬ್ಬಿಸಿ ನಿಲ್ಲಿಸಿ ಕಂಠಮಟ ತುಂಬಿದೆ. ಬಕೆಟ್ಟು ತುಂಬಿದೆ. ಒಡೆದ ಕೊಡದಲ್ಲಿ ಹಿಡಿಯುವಷ್ಟು ಹಿಡಿದೆ. ಮೂಲೆಯಲ್ಲಿ ಸಿಮೆಂಟಿಗೆ ನೀರು ಹೊಡೆಯುವ ತೊಟ್ಟಿಯಿತ್ತು. ಇಣುಕಿದರೆ ಒಳಗೆ ಸಣ್ಣ ಸಣ್ಣ ಮೀನು! ಟಾಕಿಯಲ್ಲಿ ಹುಳ ಕಂಡರೆ ನಮ್ಮೂರಲ್ಲಿ ವಾಟರ್‌ಮನ್ನಿನ ಮಾನ ಹೋಗುತ್ತದೆ. ಮೀನುಗಳನ್ನೆಲ್ಲ ಚರಿಗೆಯಿಂದ ತೋಡಿ ಗಟಾರಕ್ಕೆ ಬಿಟ್ಟು, ತೊಟ್ಟಿ ತಿಕ್ಕಿ ತೊಳೆದು, ಅದನ್ನೂ ತುಂಬಿದೆ. ಬೆನ್ನು ಮುರಿದು ಹೋಗಿತ್ತು. ಎದೆ ಉಬ್ಬಿತ್ತು.

ಆಗ ಲೂರ್ಡಿನ್ ಸಿಸ್ಟರ್ ಬಂದರು, ಹಿಂದೆ ಅಕ್ಕ. ಸಿಸ್ಟರ್ ನಿಂತಲ್ಲೇ ನಿಂತರು.

"ಯಾಂವಲೇ ನೀರ ತುಂಬಿದಾಂವ?" ಈ ಸಲ ಅವರ ಕನ್ನಡ ಸಂದರ್ಭಕ್ಕೆ ಸರಿಯಾಗಿ ಒಪ್ಪಿತು.

"ನಾನರಿ" ಎಂದೆ, ಹೆಮ್ಮೆಯಿಂದ.

ಅಕ್ಕ ಸೌಟು ಕೆಳಗಿಟ್ಟು ಹಣೆ ಹಿಡಿದುಕೊಂಡಳು. "ಒಂದ್ ತಿಂಗಳಾತೋ, ಮನಿ ಮನಿ ತಿರುಗಿ, ಬೈದು, ಕಾಡಿ ಬೇಡಿ ಇವನ್ನ ಬೋರಲ ಹಾಕಿಸೀನಿ. ನೀ ಒಂದ ಮುಂಜಾನಿಗೆ ಕೆರಿ ಕಟ್ಟೀದ್ಯಲ್ಲೋ!"

"ಹೊಸ ನೀರ ಐತೆಲ್ಲ ಅಕ್ಕಾ, ಸ್ವಚ್ಛ ನೀರು."

"ಸ್ವಚ್ಛ ನೀರ ಬೇಕ ಆ ಸೊಳ್ಳಿಗೆ! ಡ್ರಮ್ಮಿನ ಗ್ವಾಡಿಗೆ ತತ್ತಿ ಒಣಗಿ ಅಂಟಿರ್ತಾವು. ನೀರ ತಾಗಿದ್ರ ಸಾಕು, ಎದ್ದ ಕುಂಡ್ರತಾವು. ಆ ತೊಟ್ಟ್ಯಾಗಿನ ಮೀನ ಎಲ್ಲಿ?"

"ಹೊಲಸು ಅಂತ ತಗದೆ."

"ಸೊಳ್ಳಿ ಮರಿ ತಿನ್ನಲಿ ಅಂತ ಬಿಟ್ಟ ಮೀನೋ ಅವು! ಸರಕಾರದ ಮೀನು!"

ಶೆಡ್ಡಿನ ಹೆಂಗಸರೆಲ್ಲ ಹೊರಬಂದು ಹೊಟ್ಟೆ ಹಿಡಿದು ನಕ್ಕರು. "ಕಸ್ತೂರಕ್ಕನ ತಮ್ಮಂತರೀ! ವಾಟರ್‌ಮನ್ ಅಂತ!" ಮಾವ ನನ್ನ ಕೈಗೆ ಚರಿಗೆ ಕೊಟ್ಟು, "ಹೋಗ್ರಿ ಸಾಹೇಬ್ರ, ಸರಕಾರದ ಮೀನ ಹಿಡಕೊಂಡ ಬರ್ರಿ" ಎಂದ. ಗಟಾರದಲ್ಲಿ ಬಗ್ಗಿ ಸಿಕ್ಕಷ್ಟು ಮೀನು ಹಿಡಿದು ತಂದೆ. ಆಮೇಲೆ ತುಂಬಿದ ನೀರನ್ನೆಲ್ಲ ಚೆಲ್ಲಬೇಕಾಯಿತು. ಒಂದೊಂದು ಡ್ರಮ್ಮು ಉರುಳಿಸುವಾಗಲೂ ನಾನು ಮುಖ ಆ ಕಡೆ ತಿರುಗಿಸಿದೆ. ಅಷ್ಟು ನೀರು ನೆಲಕ್ಕೆ ಹೋಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಡ್ರಮ್ಮಿನ ಒಳಗೋಡೆಯನ್ನು ಬ್ರಷ್ಷಿನಿಂದ ಹೇಗೆ ತಿಕ್ಕಬೇಕೆಂದು ಅಕ್ಕ ತೋರಿಸಿಕೊಟ್ಟಳು. ಚಿಕ್ಕವನಿದ್ದಾಗ ನನ್ನ ಬೆನ್ನು ತಿಕ್ಕುತ್ತಿದ್ದ ರೀತಿಯಲ್ಲೇ, ಬೈಯುತ್ತಾ.

ಇನ್ನಷ್ಟು ಶೆಡ್ಡುಗಳು

ತಪ್ಪಿಗೆ ದಂಡವೆಂದು ಸಿಸ್ಟರ್ ನನ್ನನ್ನೂ ಜೊತೆಗೆ ಕರೆದುಕೊಂಡು ಹೊರಟರು. ರಕ್ತದ ರಿಪೋರ್ಟು ಚೊಕ್ಕ ಬಂದಿತ್ತು. ಮೈಕಿಲ್ಲದೆ ಊರಿಗೆಲ್ಲ ಕೇಳುವಂತೆ ಕೂಗುವ ಗಂಟಲು ನನ್ನದು. ಊರಲ್ಲಿ ಓಣಿಯ ತುದಿಗೆ ನಿಂತು "ನೀರ್ ಬಿಟ್ಟೇನ್ರೀ, ಹಿಡಕೊಳ್ರೀ" ಎಂದರೆ ಹೊಲದಲ್ಲಿದ್ದವರೂ ತಿರುಗುತ್ತಾರೆ. ಆ ಗಂಟಲು ಇಲ್ಲಿ ಉಪಯೋಗಕ್ಕೆ ಬರಲಿ ಎಂದಳು ಅಕ್ಕ.

ಮೊದಲನೇ ಶೆಡ್ಡಿನ ಮುಂದೆ ನಿಂತು ಎದೆ ತುಂಬ ಉಸಿರೆಳೆದು ಕೂಗಿದೆ. ಬಾಯಿಗೆ ರೂಢಿಯಾದದ್ದೇ ಬಂತು. "ನೀರ್ ಬಿಟ್ಟೇನ್ರೀ, ಹಿಡಕೊಳ್ರೀ!"

ನಮ್ಮ ಕಡೆಯ ಹೆಂಗಸರಲ್ಲವೇ, ಆ ಕೂಗು ಅವರ ರಕ್ತದಲ್ಲಿದೆ. ಕ್ಷಣದಲ್ಲಿ ಕೊಡ, ಬಿಂದಿಗೆ, ಪ್ಲಾಸ್ಟಿಕ್ ಡಬ್ಬಿ ಹಿಡಿದು ಓಡಿಬಂದರು. ಒಬ್ಬಾಕೆಯಂತೂ ಸರದಿಗೆ ಜಗಳವನ್ನೂ ಶುರುಮಾಡಿದ್ದಳು. ಸಿಸ್ಟರ್ ಛತ್ರಿಗೆ ಆತುಕೊಂಡು ನಗುತ್ತಾ ನಿಂತರು. ಎರಡನೆಯ ಸಲಕ್ಕೆ ನಾಲಿಗೆ ತಿದ್ದಿಕೊಂಡೆ. "ನೀರ್ ಚೆಲ್ಲ್ರೀ ಯವ್ವಾ! ಡ್ರಮ್ ಬೋರಲ ಹಾಕ್ರೀ!" ಸಂಜೆಯ ಹೊತ್ತಿಗೆ ಅದೂ ಸಲೀಸಾಯಿತು.

ನಮ್ಮೂರಿಗೂ ಆರೋಗ್ಯ ಕೇಂದ್ರದ ಆಶಾಬಾಯಿ ಬರುತ್ತಾಳೆ. ವಾರಕ್ಕೊಮ್ಮೆ ನೀರಿನ ಪಾತ್ರೆ ಒಣಗಿಸಿರಿ ಎನ್ನುತ್ತಾಳೆ. ಎಂಟು ದಿನಕ್ಕೊಮ್ಮೆ ನೀರು ಕಾಣುವ ಊರಲ್ಲಿ ಆ ಮಾತಿಗೆ ಜನ ನಗುತ್ತಾರೆ, ನಾನೂ ನಕ್ಕಿದ್ದೇನೆ. ಪಾಪ, ಕೊರೊನಾದ ದಿನಗಳಲ್ಲಿ ಕಂಟಿ ದಾಟಿ ಹೋಗಿ ಆಚೆ ನಿಂತವರ ಹೆಸರು ಕೇಳಿ ಬರುತ್ತಿದ್ದವಳು ಅವಳೊಬ್ಬಳೇ. ಅಕ್ಕನವರು ಬಂದ ದಿನ ಅವಳು ಮುಂದಿನ ಹಳ್ಳಿಗೆ ಹೋಗಿದ್ದಳು. ಅಲ್ಲಿಯ ಹಾಸ್ಟೆಲಿನಲ್ಲಿ ಅವರಿಗೆ ಜಾಗ ಮಾಡಿಸಿದ್ದು ಅವಳೇ ಎಂದು ಆಮೇಲೆ ತಿಳಿಯಿತು. ಊರಿಗೆ ಹೋದ ಮೇಲೆ ಅವಳ ಕೆಲಸಕ್ಕೆ ನನ್ನ ಗಂಟಲು ಕೊಡಬೇಕೆಂದುಕೊಂಡಿದ್ದೇನೆ. ಕೇಳಿದರೆ ಅವಳು ಹೆದರಬಹುದು.

ಕಲಂಗುಟ್

ರವಿವಾರ ಅಕ್ಕ ನನಗೆ ಸಮುದ್ರ ತೋರಿಸಲು ಕಲಂಗುಟಿಗೆ ಕರೆದುಕೊಂಡು ಹೋದಳು. ಮಳೆಗಾಲವಾದ್ದರಿಂದ ನೀರಿಗೆ ಇಳಿಯಬಾರದೆಂದು ಕೆಂಪು ಬಾವುಟ ನೆಟ್ಟಿದ್ದರು. ತೆರೆಗಳು ಮನೆಯೆತ್ತರಕ್ಕೆ ಎದ್ದು ಬರುತ್ತಿದ್ದವು. ನಾನು ಬಾಯಿ ತೆರೆದು ನಿಂತೆ.

"ವಾಲ್ವ್ ಎಲ್ಲೈತಿ ಹುಡಕು, ಬಂದ್ ಮಾಡೂನು" ಎಂದಳು ಅಕ್ಕ.

ಇಬ್ಬರೂ ನಕ್ಕೆವು. ನಗು ಇನ್ನೂ ಇರುವಾಗಲೇ ಹೇಳಿಬಿಡಬೇಕೆಂದು ಅವಸರ ಮಾಡಿದೆ. "ಅಕ್ಕಾ, ಪಂಚಮಿಗೆ ಕರಿಯಾಕ ಬಂದೇನಿ."

ಅವಳು ಸಮುದ್ರ ನೋಡುತ್ತಲೇ ಕೇಳಿದಳು. "ವಾಲ್ವಿನ ಚಾವಿ ಹೊಸಾದ ಬಂತೇನು, ಅದ ಹಳೇದ ಐತಿ?"

"ಅದ ಐತಿ."

"ಅವತ್ತ ಕಂಟಿ ಮುಂದ ಅದನ್ನ ಊರಕೊಂಡ ನಿಂತಿದ್ದಿ. ಮಾರಿಗೆ ಟವೆಲ್ ಸುತ್ತಿದ್ದಿ, ಖರೇ. ಚಾವಿಗೆ ಸುತ್ತಿರಲಿಲ್ಲ."

ಒಂದು ತೆರೆ ಬಂದು ನಮ್ಮ ಪಾದ ತೋಯಿಸಿ ಹೋಯಿತು. ಕಾಲ ಕೆಳಗಿನ ಮರಳು ಸರಿದಂತಾಯಿತು.

"ಗುರುತ ಹಿಡದ ಮ್ಯಾಲ ನನ್ನ ಹೆಸರ ಹಿಡದ ಯಾಕ ಕರಿಲಿಲ್ಲ? ಯಪ್ಪಾ, ಕೊಡ್ರಿ ಅಂತ ಯಾರಿಗೋ ಅಂದಂಗ ಅಂದಿ."

"ಕರದಿದ್ರ ನೀ ಕಂಟಿ ಸರಸ್ತಿದ್ದಿ. ಹಿಂದ ಹಿರ್ಯಾರ ಕುಂತಿದ್ರು, ನಿನ್ನ ನೌಕರಿ ಹೋಗ್ತಿತ್ತು." ಅವಳು ನನ್ನ ಕಡೆ ತಿರುಗಿದಳು. "ಸರಸ್ತಿದ್ದಿ, ಅಲ್ಲೋ?"

ನಾನು ಬಗ್ಗಿ ಧೋತರದ ಅಂಚಿನ ಮರಳು ಕೊಡವತೊಡಗಿದೆ. ಅಷ್ಟರಲ್ಲಿ ಮಣಿಸರ ಮಾರುವ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು "ಜ್ವರದಕ್ಕಾರ!" ಎಂದು ಓಡಿ ಬಂದಳು. ಫೋಂಡಾದಲ್ಲಿದ್ದಾಗ ಅವಳ ಮಗಳಿಗೆ ಡೆಂಗ್ಯೂ ಬಂದಿತ್ತಂತೆ. "ಈಗ ಆರಾಮ ಅದಾಳ್ರಿ, ಸಾಲಿಗೆ ಹೊಂಟಾಳ." ಅಕ್ಕ ರೂಢಿಯಂತೆ ಆಕೆಯ ಹಣೆಗೂ ಅಂಗೈ ಇಟ್ಟು ನೋಡಿದಳು. ಆಕೆ ನನ್ನ ಕೊರಳಿಗೊಂದು ಕಡಲ ಚಿಪ್ಪು ಪೋಣಿಸಿದ ಸಿಂಪಿಯ ಸರ ಹಾಕಿ, ಜ್ವರದಕ್ಕನ ತಮ್ಮನಿಗೆ ಪುಕ್ಕಟೆ ಎಂದಳು. ಅದನ್ನು ಹಾಕಿಕೊಂಡೇ ಫೋಂಡಾಕ್ಕೆ ತಿರುಗಿ ಬಂದೆ. ಮಾವ ನೋಡಿ, "ಏನ್ರಿ, ಎರಡನೇ ಮದುವಿ ಆತೇನು?" ಎಂದ.

ಮತ್ತೆ ಫೋಂಡಾ, ಬಸ್ ಸ್ಟ್ಯಾಂಡು

ಹೊರಡುವ ದಿನ ಅಕ್ಕ ಉಂಡಿಯ ಡಬ್ಬಿಯಲ್ಲಿ ಒಣಗಿಸಿದ ಕೋಕಂ ತುಂಬಿ ಕೊಟ್ಟಳು. ಖಾಲಿ ಡಬ್ಬಿ ತವರಿಗೆ ಕಳಿಸಬಾರದಂತೆ. ಲೂರ್ಡಿನ್ ಸಿಸ್ಟರ್ ಕೂಡ ಬಂದಿದ್ದರು. "ಮತ್ತ ಬಾರಲೇ" ಎಂದರು. ಆ ಹೊತ್ತಿಗೆ ಆ ಮಾತು ನನಗೆ ಆಶೀರ್ವಾದದಂತೆ ಕೇಳುತ್ತಿತ್ತು.

ನಾನು ಕಿಟಕಿಯ ಬದಿ ಕುಳಿತೆ. ಅಕ್ಕ ಕೆಳಗೆ ನಿಂತು ಸೌಟಿನ ಹಿಡಿಕೆಯಿಂದ ಬಸ್ಸಿನ ತಗಡು ಬಡಿದಳು.

"ಪಂಚಮಿಗೆ ಆಗಂಗಿಲ್ಲೋ ತಮ್ಮಾ. ಜ್ವರದ ದಿನಾ, ಬಿಟ್ಟು ಬಂದ್ರ ಈ ಶೆಡ್ಡಿನಾವರು ಎಲ್ಲಾ ತುಂಬಿಸಿ ಇಡ್ತಾರ, ನಿನ್ನಂಗ. ದೀಪಾವಳಿಗೆ ಮಳಿ ಹೋಗಿರ್ತೈತಿ."

"ಹಂಗಾರ ದೀಪಾವಳಿಗೆ ಬರ್ತಿ?"

"ಸಮುದ್ರದ ದಂಡಿಗೆ ನಾ ಒಂದ್ ಮಾತ ಕೇಳಿದ್ದೆ. ನೀ ಅದಕ್ಕ ಏನೂ ಹೇಳಲಿಲ್ಲ. ಹೇಳಿ ಹೋಗು, ಬರ್ತೀನಿ."

ಡ್ರೈವರ್ ಎಂಜಿನ್ ಶುರು ಮಾಡಿದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೆಲ್ಲಗೆ ಹೇಳಿದೆ. ಅವಳು ಕಿವಿಗೆ ಕೈ ಹಿಡಿದು ಕೇಳಿಸಲಿಲ್ಲ ಎಂದು ತಲೆಯಾಡಿಸಿದಳು. ಮುಖದಲ್ಲಿ ನಗುವಿತ್ತು, ಕೇಳಿಸಿತ್ತೆಂದೇ ನನಗೆ ಈಗಲೂ ಅನುಮಾನ. ಬಸ್ಸು ಹಿಂದಕ್ಕೆ ಸರಿಯತೊಡಗಿತು. ಸಿಂಪಿಯ ಸರ ಕಿಟಕಿಯ ಸರಳಿಗೆ ಸಿಕ್ಕಿಕೊಂಡಿತ್ತು, ಬಿಡಿಸಿಕೊಳ್ಳಲಿಲ್ಲ. ಓಣಿಯ ತುದಿಗೆ ನಿಂತಾಗ ಎಳೆಯುವಂತೆ ಉಸಿರೆಳೆದು ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು, ಸ್ಟ್ಯಾಂಡಿನ ಹಣ್ಣಿನ ಅಂಗಡಿಯವನೂ ನೋಡಿದ.

"ಅಕ್ಕಾ! ನೀ ಹೆಸರ ಹಿಡದ ಕರದಿದ್ರೂ ನಾ ಕಂಟಿ ಸರಸ್ತಿರಲಿಲ್ಲ! ಅಂಜಿದ್ದೆ! ನೀನ ಅಂತ ಗೊತ್ತಿದ್ದೂ ನೀರ ಕೊಡಲಿಲ್ಲ. ತಪ್ಪಾತು ಅಕ್ಕಾ, ತಪ್ಪಾತು!"